ಒಂಬತ್ತನೇ ತರಗತಿಗೆ ಸಿನಿಮಾ ಐಚ್ಛಿಕ ವಿಷಯ: ತಗೊಳ್ಳಲಿ ಅನ್ನಲೋ, ಬೇಡ ಅನ್ನಲೋ?

ಕುಮಟಾದ ಆಯಿ

ಎಲ್ಲರಿಗೂ ನಮಸ್ಕಾರ. ಮಗಳು ಈ ವರ್ಷ ಒಂಬತ್ತನೇ ತರಗತಿ. ಸಿ.ಬಿ.ಎಸ್.ಇ. ಶಾಲೆ. ಈ ವರ್ಷದಿಂದ ವಾರಕ್ಕೆ ಎರಡು ಪೀರಿಯಡ್ಡಿನ ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕಂತೆ. ಚಿತ್ರಕಲೆ, ಹಿಂದೂಸ್ತಾನಿ ಗಾಯನ, ಕೋಡಿಂಗ್, ಮತ್ತೆ ಹೊಸದಾಗಿ ಸಿನಿಮಾ. ಗ್ರೇಡ್ ಶಾಲೆಯವರೇ ಕೊಡುತ್ತಾರೆ. ಬೋರ್ಡ್ ಪರೀಕ್ಷೆಗೆ ಸೇರುವುದಿಲ್ಲ.

ಮಗಳಿಗೆ ಸಿನಿಮಾನೇ ಬೇಕು. ಇವರು ಕೋಡಿಂಗ್ ಅನ್ನುತ್ತಾರೆ. ಅತ್ತೆ, "ಸಿನಿಮಾ ನೋಡ್ಲಿಕ್ಕೆ ಶಾಲೆಗೆ ಯಾಕೆ ಹೋಗ್ಬೇಕು?" ಅಂತ ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕು ಅಂತ ನನಗೂ ತಿಳಿಯುತ್ತಿಲ್ಲ. ಶಾಲೆಯಿಂದ ಬಂದ ಚೀಟಿಯಲ್ಲಿ ಎರಡೇ ಸಾಲು ಇದೆ. ಸಿನಿಮಾ ವಿಷಯ ಅಂದ್ರೆ ಮಕ್ಕಳು ನಿಜಕ್ಕೂ ಏನು ಕಲಿಯುತ್ತಾರೆ? ಈಗಲೇ ಮೊಬೈಲ್ ಕೈಬಿಡೋದಿಲ್ಲ, ಇದರಿಂದ ಅದು ಜಾಸ್ತಿ ಆಗುತ್ತದೋ ಕಡಿಮೆ ಆಗುತ್ತದೋ? ಮುಂದೆ ಓದಲಿಕ್ಕೆ ದಾರಿ ಏನಾದ್ರೂ ಇದೆಯಾ? ಮುಂದಿನ ವಾರ ಪಾಲಕರ ಸಭೆ. ಅಷ್ಟರೊಳಗೆ ತಿಳಿದವರು ಹೇಳಿ.

ಅಂಕೋಲಾ ಅಮ್ಮ

ಅಕ್ಕಾ, ನಾನಾದ್ರೆ ಬೇಡ ಅಂತೀನಿ. ನನ್ನ ಮಗ ಓದಿದ ಶಾಲೆಯಲ್ಲೂ ಫಿಲ್ಮ್ ಕ್ಲಬ್ ಅಂತ ಒಂದಿತ್ತು. ಶನಿವಾರ ಯಾವುದಾದ್ರೂ ಮಾಸ್ತರು ರಜೆ ಹಾಕಿದ್ರೆ ಮಕ್ಕಳನ್ನೆಲ್ಲ ಹಾಲ್‌ನಲ್ಲಿ ಕೂರಿಸಿ ಒಂದು ಸಿನಿಮಾ ಹಾಕೋದು. ಮುಗಿದ ಮೇಲೆ ಒಂದು ಮಾತಿಲ್ಲ, ಒಂದು ಪ್ರಶ್ನೆ ಇಲ್ಲ. ಗಂಟೆ ಹೊಡೆದ್ರೆ ಮನೆಗೆ. ಅದಕ್ಕೆ ಶುಲ್ಕ ಬೇರೆ. ಚಿತ್ರಕಲೆಯಾದ್ರೆ ಮಗು ಕೈಯಲ್ಲಿ ಏನಾದ್ರೂ ಮಾಡಿಕೊಂಡು ಬರುತ್ತದೆ. ಸಿನಿಮಾದಲ್ಲಿ ಏನು ಮಾಡಿಕೊಂಡು ಬರುತ್ತದೆ?

ಘಟ್ಟದ ಮಾಸ್ತರು

ನಾನು ಶಿರಸಿ ಕಡೆಯವನು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಅಂಕೋಲಾ ತಂಗಿ ಹೇಳಿದ್ದು ನಿಜ, ಆದರೆ ಅವರು ಕಂಡದ್ದು ಸಿನಿಮಾ ಪಾಠ ಅಲ್ಲ. ಕಾದಂಬರಿಯನ್ನು ಮಕ್ಕಳ ಕೈಗೆ ಕೊಟ್ಟು ಒಂದು ಮಾತೂ ಆಡದೆ ಹೋದರೆ ಅದನ್ನು ಸಾಹಿತ್ಯ ಪಾಠ ಅನ್ನುತ್ತೇವಾ?

ಪಾಠ ಅಂದ್ರೆ ಹೇಗಿರಬೇಕು ಅಂತ ಗೊತ್ತಾಗಲಿಕ್ಕೆ ದೂರ ಹೋಗಬೇಕಿಲ್ಲ. ಶಿರಸಿಯಿಂದ ಬಸ್ಸು ಹಿಡಿದು ಸಾಗರಕ್ಕೆ ಹೋದರೆ ಹೆಗ್ಗೋಡು ಅಲ್ಲೇ ಪಕ್ಕ. 1949ರಲ್ಲಿ ಶುರುವಾದ ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜ, ಅಂದ್ರೆ ಒಳ್ಳೆ ಸಿನಿಮಾ ತೋರಿಸುವ ಸಂಘ, ಕಟ್ಟಿತು. ನೀನಾಸಮ್ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಒಂದು ನಂಬಿಕೆ ಇತ್ತು: ಜಗತ್ತಿನ ಒಳ್ಳೆ ಸಿನಿಮಾ ಪೇಟೆಯವರಿಗೆ ಮಾತ್ರ ಅಲ್ಲ, ಅಡಿಕೆ ತೋಟದಲ್ಲಿ ಕೆಲಸ ಮಾಡುವವರಿಗೂ ಅರ್ಥವಾಗುತ್ತದೆ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದ್ದೂರ್ ಅವರಂಥವರು ಅಲ್ಲಿಗೆ ಬಂದು ಸಿನಿಮಾ ರಸಗ್ರಹಣದ, ಅಂದ್ರೆ ಸಿನಿಮಾವನ್ನು ಅರಿತು ನೋಡುವುದರ ಪಾಠ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಂದು ಹಳ್ಳಿಯಲ್ಲಿ ಇದು ನಡೆದಿದೆ ಅಂದ ಮೇಲೆ ನಮ್ಮ ಮಕ್ಕಳಿಗೆ ಇದು ಹೊರಗಿನ ವಿಷಯ ಅಂತ ಅನ್ನಿಸಬೇಕಾಗಿಲ್ಲ.

ನಾನೂ ತರುಣನಾಗಿದ್ದಾಗ ಅಲ್ಲಿನ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಕಲಿತದ್ದನ್ನೇ ಆಮೇಲೆ ನನ್ನ ಕ್ಲಾಸಿನಲ್ಲಿ ಮಾಡುತ್ತಿದ್ದೆ. ಪೂರ್ತಿ ಸಿನಿಮಾ ತೋರಿಸುತ್ತಿರಲಿಲ್ಲ. ಎರಡು ನಿಮಿಷದ ಒಂದು ದೃಶ್ಯ, ಅಷ್ಟೇ. ಮೊದಲ ಸಲ ಸುಮ್ನೆ ನೋಡೋದು. ಎರಡನೇ ಸಲ ಧ್ವನಿ ಪೂರ್ತಿ ಬಂದ್. ಮೂರನೇ ಸಲ ಪರದೆ ಮುಚ್ಚಿ ಬರೀ ಧ್ವನಿ. ಪ್ರತಿ ಸಲ ಕಂಡದ್ದು, ಕೇಳಿದ್ದು ಪಟ್ಟಿಯಲ್ಲಿ ಬರೆಯಬೇಕು. ಎರಡನೇ ಸಲಕ್ಕೆ ಮಕ್ಕಳು, "ಸರ್, ಇಲ್ಲಿ ಇವಳು ಅವನ ಮುಖ ನೋಡ್ತಾನೇ ಇಲ್ಲ" ಅಂತ ಶುರು ಮಾಡುತ್ತಿದ್ದರು. ಮೊದಲ ಸಲ ನೋಡುವಾಗ ಮಾತಿನ ಭರದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೀಗೆ ನೋಡಿದ ಹುಡುಗರು ಪದ್ಯ ಓದುವ ರೀತಿಯೂ ಬದಲಾಯಿತು. ಕವಿ ಯಾವುದನ್ನು ಹೇಳದೆ ಬಿಟ್ಟಿದ್ದಾನೆ ಅಂತ ಅವರೇ ಕೇಳುತ್ತಿದ್ದರು.

ಕುಮಟಾ ತಂಗಿ, ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೇಳುತ್ತೇನೆ. ಸುಮಾರು ನೂರು ವರ್ಷದ ಹಿಂದೆ ಸೋವಿಯತ್ ರಷ್ಯಾದಲ್ಲಿ ಲೆವ್ ಕುಲೆಶೋವ್ ಅನ್ನುವವರು ಒಬ್ಬ ನಟನ ಮುಖದ ಒಂದೇ ಚಿತ್ರವನ್ನು ಮೂರು ಬೇರೆ ಚಿತ್ರಗಳ ಜೊತೆ ಜೋಡಿಸಿ ತೋರಿಸಿದರು. ಸೂಪಿನ ಬಟ್ಟಲು, ಶವಪೆಟ್ಟಿಗೆಯಲ್ಲಿ ಮಲಗಿದ ಮಗು, ಒಬ್ಬ ಹೆಂಗಸು. ಮುಖ ಅದೇ. ನೋಡಿದವರು ಮಾತ್ರ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ, ಒಮ್ಮೆ ಆಸೆ. ನೀವು ಅತ್ತೆಯವರ ಮುಖವನ್ನೇ ತೆಗೆಯಿರಿ. ನಗಬಾರದು, ಅಳಬಾರದು, ಸುಮ್ನೆ ಎದುರಿಗೆ ನೋಡಬೇಕು. ಅದರ ಮುಂದೆ ಮೂರು ಬೇರೆ ಚಿತ್ರ ಜೋಡಿಸಲಿಕ್ಕೆ ಮಗಳಿಗೆ ಹೇಳಿ.

ಸದಾಶಿವಗಡದ ಹುಡುಗ

ನಾನು ಕಾರವಾರದವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಸಿನಿಮಾ ಹೈಸ್ಕೂಲಿನ ವಿಷಯ. ನನ್ನ ಮಗಳೇ ತಗೊಂಡಿದ್ದಾಳೆ. ಹದಿನಾರರ ಹೊತ್ತಿಗೆ ಬರುವ ಜಿ.ಸಿ.ಎಸ್.ಇ. ಪರೀಕ್ಷೆಯಲ್ಲೂ ಇದೆ, ಹದಿನೆಂಟಕ್ಕೆ ಬರುವ ಎ ಲೆವೆಲ್‌ನಲ್ಲೂ ಇದೆ. ಅವಳದ್ದು ಎಡ್ಯುಕಾಸ್ ಬೋರ್ಡು. ಅದರಲ್ಲಿ ಶೇ. 70 ಅಂಕ ಬರವಣಿಗೆ ಪರೀಕ್ಷೆಗೆ, ಶೇ. 30 ಮಾಡಿದ ಕೆಲಸಕ್ಕೆ. ಜಿ.ಸಿ.ಎಸ್.ಇ.ಗೆ ಆರು ಸಿನಿಮಾ ಆಳವಾಗಿ ಓದಬೇಕು. ಹಾಲಿವುಡ್ ಒಂದೇ ಅಲ್ಲ, ಇಂಗ್ಲಿಷ್ ಅಲ್ಲದ ಭಾಷೆಯ ಸಿನಿಮಾ ಇರಲೇಬೇಕು. ಮಾಡುವ ಕೆಲಸದಲ್ಲಿ ಎರಡು ದಾರಿ. ಸಿನಿಮಾದ ಒಂದು ತುಣುಕು ತೆಗೆಯಬಹುದು, ಇಲ್ಲ ಚಿತ್ರಕಥೆಯ ಒಂದು ಭಾಗ ಬರೆಯಬಹುದು. ಜೊತೆಗೆ ತಾನು ಯಾಕೆ ಹಾಗೆ ಮಾಡಿದೆ ಅಂತ ಬರೆದು ಕೊಡಬೇಕು. ಕ್ಯಾಮೆರಾ ಹಿಡಿಯಲಿಕ್ಕೆ ಇಷ್ಟ ಇಲ್ಲದ ಮಕ್ಕಳಿಗೂ ಜಾಗ ಇದೆ ಅನ್ನೋದು ನನಗೆ ಹಿಡಿಸಿತು.

ನಮ್ಮ ದೇಶದ ದೊಡ್ಡ ಊರುಗಳ ಕೆಲವು ಶಾಲೆಗಳಲ್ಲಿರುವ ಐ.ಬಿ. ಅನ್ನುವ ಅಂತರರಾಷ್ಟ್ರೀಯ ಡಿಪ್ಲೊಮಾದಲ್ಲೂ ಫಿಲ್ಮ್ ಒಂದು ವಿಷಯ. ಅಲ್ಲಿ ಕೊನೆಗೆ ಕೂತು ಬರೆಯುವ ಪರೀಕ್ಷೆನೇ ಇಲ್ಲ. ದೃಶ್ಯದ ವಿಶ್ಲೇಷಣೆ, ಎರಡು ಸಿನಿಮಾಗಳ ಹೋಲಿಕೆ, ತಾನು ಮಾಡಿದ ಕೆಲಸಗಳ ಸಂಗ್ರಹ, ಇದಕ್ಕೆಲ್ಲ ಅಂಕ. ನಮ್ಮ ಸಿ.ಬಿ.ಎಸ್.ಇ.ಯಲ್ಲಿ 11 ಮತ್ತು 12ಕ್ಕೆ ಮಾಸ್ ಮೀಡಿಯಾ ಸ್ಟಡೀಸ್ ಅಂತ ಒಂದು ವಿಷಯ ಇದೆ. ಪತ್ರಿಕೆ, ರೇಡಿಯೋ, ಟಿವಿ ಜೊತೆ ಸಿನಿಮಾವೂ ಅದರಲ್ಲಿ ಬರುತ್ತದೆ. ನಿಮ್ಮ ಶಾಲೆಯವರು ಮುಂದೆ ಅದನ್ನು ತರುತ್ತಾರಾ ಅಂತ ಸಭೆಯಲ್ಲಿ ಕೇಳಿ ಅಕ್ಕ.

ಅಂಕೋಲಾ ಅಮ್ಮ

ಮಾಸ್ತರು ಹೇಳಿದ ಹಾಗೆ ಕಲಿಸೋದಾದ್ರೆ ನನ್ನದೇನೂ ತಕರಾರಿಲ್ಲ. ಹಾಗೆ ಕಲಿಸುವವರು ಬೇಕಲ್ಲ. ಇನ್ನೊಂದು ಮಾತು. ನಮ್ಮ ಸ್ಟೇಟ್ ಸಿಲಬಸ್ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಅಂದ್ರೆ ಆರು ವಿಷಯ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ. ಸಿನಿಮಾಕ್ಕೆ ಅದರಲ್ಲಿ ಜಾಗ ಎಲ್ಲಿದೆ? ಆಮೇಲೆ ಪಿಯುಸಿ, ಸಿ.ಇ.ಟಿ. ಒಂಬತ್ತನೇ ತರಗತಿಯಿಂದಲೇ ಮನಸ್ಸು ಆ ಕಡೆ ಹೋದ್ರೆ? ಅದೂ ಹೆಣ್ಣುಮಗಳು. ಸಿನಿಮಾದವರ ಸುದ್ದಿ ದಿನಾ ಪೇಪರಿನಲ್ಲಿ ಓದ್ತೀವಿ. ಯಾವ ತಾಯಿಗೆ ಧೈರ್ಯ ಬರುತ್ತದೆ ಹೇಳಿ.

ಹೊನ್ನಾವರ ಸೌಂಡ್

ಅಕ್ಕ, ನಿಮ್ಮ ಭಯ ನನ್ನ ಅಮ್ಮನಿಗೂ ಇತ್ತು. ಹಾಗಾಗಿ ಅದನ್ನು ಸಣ್ಣದು ಮಾಡೋದಿಲ್ಲ. ನಾನು ಹೊನ್ನಾವರದವನು. ಬೆಂಗಳೂರಿನಲ್ಲಿ ಸಿನಿಮಾಗಳಿಗೆ ಸೌಂಡ್ ಕೆಲಸ ಮಾಡುತ್ತೇನೆ. ನನ್ನ ಜೊತೆ ಎಡಿಟಿಂಗ್‌ನಲ್ಲಿ, ಸಬ್‌ಟೈಟಲ್ಲಿನಲ್ಲಿ, ಸೌಂಡಿನಲ್ಲಿ ಹೆಣ್ಣುಮಕ್ಕಳು ಇದ್ದಾರೆ. ಸಂಬಳ ತಗೊಂಡು, ಟೈಮಿಗೆ ಬಂದು, ಟೈಮಿಗೆ ಮನೆಗೆ ಹೋಗುವ ಕೆಲಸವೂ ಇದರಲ್ಲಿ ಇದೆ. ಪ್ರೇಮಾ ಕಾರಂತರು 80ರ ದಶಕದಲ್ಲೇ ಕನ್ನಡದಲ್ಲಿ ಸಿನಿಮಾ ನಿರ್ದೇಶನ ಮಾಡಿದ್ದಾರೆ. ಕೆಟ್ಟದ್ದು ಇದೆ, ಇಲ್ಲ ಅನ್ನೋದಿಲ್ಲ. ಅದರ ಬಗ್ಗೆ ಹುಷಾರಾಗಿರೋದು ಬೇಕು. ಆದ್ರೆ ಒಂಬತ್ತನೇ ತರಗತಿಯ ಎರಡು ಪೀರಿಯಡ್ಡಿಗೂ ಅದಕ್ಕೂ ಸಂಬಂಧ ಇಲ್ಲ.

ಮುಂದಿನ ಓದಿನ ಬಗ್ಗೆ ಕುಮಟಾ ಅಕ್ಕ ಕೇಳಿದ್ರು. ಮಾಸ್ತರು ಹೇಳಿದ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ಎಫ್.ಟಿ.ಐ.ಐ., 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ ಶುರುವಾದದ್ದು. ಕೋಲ್ಕತ್ತದಲ್ಲಿ ಸತ್ಯಜಿತ್ ರೇ ಹೆಸರಿನ ಸಂಸ್ಥೆ ಇದೆ. ಎರಡರಲ್ಲೂ ನಿರ್ದೇಶನ, ಛಾಯಾಗ್ರಹಣ, ಎಡಿಟಿಂಗ್, ಸೌಂಡ್ ಓದಬೇಕು ಅಂದ್ರೆ ಮೊದಲು ಒಂದು ಡಿಗ್ರಿ ಮುಗಿಸಿರಬೇಕು. ಇದನ್ನು ಮನೆಯವರಿಗೆ ಹೇಳಿ. ಪಿಯುಸಿ ಸೈನ್ಸ್ ಮಾಡಿ, ಬಿ.ಎಸ್ಸಿ. ಮಾಡಿ, ಆಮೇಲೂ ಹೋಗಬಹುದು. ಈಗ ಸಿನಿಮಾ ತಗೊಂಡ್ರೆ ಯಾವ ಬಾಗಿಲೂ ಮುಚ್ಚಿಹೋಗೋದಿಲ್ಲ. ಸಿ.ಇ.ಟಿ. ರ‍್ಯಾಂಕಿಗೆ ಒಂಬತ್ತನೇ ತರಗತಿಯ ಐಚ್ಛಿಕ ವಿಷಯ ಲೆಕ್ಕಕ್ಕೇ ಬರೋದಿಲ್ಲ. ನಮ್ಮ ರಾಜ್ಯದ್ದೇ ಸರ್ಕಾರಿ ಸಂಸ್ಥೆ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಇದೆ. ಛಾಯಾಗ್ರಹಣ, ಧ್ವನಿಗ್ರಹಣದ ಡಿಪ್ಲೊಮಾ ಕೊಡುತ್ತದೆ. ಅದರ ಮೂಲ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್. ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರಕ್ಕೆ ಕ್ಯಾಮೆರಾ ಹಿಡಿದ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲೇ ಕಲಿತವರು. ಅವರಿಗೆ ಫಾಲ್ಕೆ ಪ್ರಶಸ್ತಿಯೂ ಬಂತು.

ಈಗ ನನ್ನ ವಿಷಯ. ಶಾಲೆಗಳಲ್ಲಿ ಸಿನಿಮಾ ಅಂದ್ರೆ ಎಲ್ಲರೂ ಕ್ಯಾಮೆರಾ ಹಿಂದೆ ಬೀಳುತ್ತಾರೆ, ಕಿವಿಯನ್ನು ಮರೆಯುತ್ತಾರೆ. ನಮ್ಮ ಕರಾವಳಿಯ ಮಕ್ಕಳಿಗೆ ಕಿವಿಯಿಂದಲೇ ಶುರು ಮಾಡಿಸಬೇಕು. ಮಳೆಗಾಲದಲ್ಲಿ ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿ. ಹೆಂಚಿನ ಮೇಲೆ ಬೀಳುವ ಮಳೆ ಬೇರೆ, ತಗಡಿನ ಮೇಲೆ ಬೀಳುವುದು ಬೇರೆ, ಬಾಳೆ ಎಲೆಯ ಮೇಲೆ ಬೀಳುವುದು ಬೇರೆ. ಮಳೆ ನಿಂತ ಮೇಲೆ ಅಡಿಕೆ ಮರದಿಂದ ತಟಕ್ ತಟಕ್ ಅಂತ ಬೀಳುವುದು ಇನ್ನೂ ಬೇರೆ. ಮಕ್ಕಳ ಹತ್ತಿರ ಕೇಳಬೇಕಾದ ಪ್ರಶ್ನೆ ಒಂದೇ: ಚಿತ್ರವೇ ಇಲ್ಲದೆ, ಬರೀ ಯಾವ ಶಬ್ದ ಕೇಳಿಸಿದ್ರೆ ಇದು ನಮ್ಮೂರು ಅಂತ ಗೊತ್ತಾಗುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಜಗಳವೂ ಆಗುತ್ತದೆ. ಆ ಜಗಳದಲ್ಲೇ ಅರ್ಧ ಪಾಠ ಆಗಿಹೋಗುತ್ತದೆ.

ಚಂಡೆ ಮದ್ದಳೆ

ಯಕ್ಷಗಾನದ ಆಟ ನೋಡಿ ಬೆಳೆದ ನಮ್ಮ ಮಕ್ಕಳಿಗೆ ಈ ವಿಷಯ ಅರ್ಧ ಗೊತ್ತೇ ಇದೆ ಅಂತ ನನ್ನ ನಂಬಿಕೆ. ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಪ್ರವೇಶ ನೆನಪು ಮಾಡಿಕೊಳ್ಳಿ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಮೊದಲು ಆರ್ಭಟ ಮಾತ್ರ. ಆಮೇಲೆ ತೆರೆಯ ಮೇಲೆ ಕಿರೀಟದ ತುದಿ. ಆಮೇಲೆ ಬೆರಳು. ಚಂಡೆ ಏರುತ್ತಾ ಹೋಗುತ್ತದೆ. ಇಡೀ ವೇಷ ಕಾಣುವ ಹೊತ್ತಿಗೆ ಮುಂದೆ ಕೂತ ಸಣ್ಣ ಮಕ್ಕಳು ಅಮ್ಮನ ಸೆರಗಿನ ಹಿಂದೆ ಹೋಗಿರುತ್ತಾರೆ. ಏನು ತೋರಿಸಬೇಕು, ಎಷ್ಟು ಹೊತ್ತು ತೋರಿಸದೆ ಇಡಬೇಕು ಅನ್ನುವುದನ್ನು ಭಾಗವತರು, ವೇಷಧಾರಿಗಳು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಸಿನಿಮಾದವರು ಅದನ್ನೇ ಮಾಡುತ್ತಾರೆ.

ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಇಲ್ಲಿ ನೋಡಿದ ಯಕ್ಷಗಾನ, ಕಂಪನಿ ನಾಟಕ ತಮ್ಮ ಮೇಲೆ ಎಷ್ಟು ಪರಿಣಾಮ ಮಾಡಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರೇ ಮುಂದೆ 1974ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಶಂಕರ್ ನಾಗ್ ಕೂಡ ಹೊನ್ನಾವರದ ಮಣ್ಣಿನವರು. ಸಿನಿಮಾ ಪಾಠಕ್ಕೆ ಪುಸ್ತಕ ಹುಡುಕುವ ಮೊದಲು ಮಕ್ಕಳನ್ನು ಒಂದು ಆಟಕ್ಕೆ ಕರೆದುಕೊಂಡು ಹೋಗಿ, ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಬಣ್ಣ ಹಚ್ಚುವುದನ್ನು ತೋರಿಸಿ ಅಂತ ಶಾಲೆಯವರಿಗೆ ಹೇಳಿ.

ಘಟ್ಟದ ಮಾಸ್ತರು

ಚಂಡೆ ಮದ್ದಳೆಯವರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಆಟದಲ್ಲಿ ನಾವು ಕೂತ ಜಾಗ ಬದಲಾಗುವುದಿಲ್ಲ. ರಂಗಸ್ಥಳದಿಂದ ಎಷ್ಟು ದೂರ ಕೂತೆವೋ ಬೆಳಗಿನವರೆಗೂ ಅಷ್ಟೇ ದೂರ. ಸಿನಿಮಾದಲ್ಲಿ ಒಂದು ಕ್ಷಣ ಗುಡ್ಡದ ಮೇಲಿದ್ದೇವೆ, ಮರುಕ್ಷಣ ಒಬ್ಬಳ ಕಣ್ಣಿನ ಎದುರಿಗೇ ಇದ್ದೇವೆ. ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು, ಯಾಕೆ ಅನ್ನೋದು ಸಿನಿಮಾ ಪಾಠದ ಮುಖ್ಯ ಪ್ರಶ್ನೆ. ಆಟ ನೋಡುವವನಿಗೆ ಅತ್ತಿತ್ತ ಕಣ್ಣು ಹಾಯಿಸುವ ಸ್ವಾತಂತ್ರ್ಯ ಇದೆ. ಮಾತಾಡದೆ ಮೂಲೆಯಲ್ಲಿ ನಿಂತ ವೇಷವನ್ನೇ ಅವನು ನೋಡುತ್ತಾ ಕೂರಬಹುದು. ಸಿನಿಮಾ ಆ ಸ್ವಾತಂತ್ರ್ಯವನ್ನು ತಗೊಂಡುಬಿಡುತ್ತದೆ.

ಈಗಿನ ಮಕ್ಕಳ ಕೈಯಲ್ಲಿರುವ ಅರ್ಧ ನಿಮಿಷದ ವಿಡಿಯೋಗಳೂ ಇದನ್ನೇ ಮಾಡುತ್ತವೆ. ಚುನಾವಣೆಯ ವಿಡಿಯೋ ಆಗಲಿ, ಎಣ್ಣೆಯ ಜಾಹೀರಾತಾಗಲಿ, ಪಕ್ಕದೂರಿನ ಗಲಾಟೆಯ ವಿಡಿಯೋ ಆಗಲಿ, ಯಾರೋ ಎಲ್ಲೋ ನಿಂತು ತೆಗೆದದ್ದು, ಎಲ್ಲೋ ಕತ್ತರಿಸಿದ್ದು. ಕತ್ತರಿಸಿದ ಜಾಗ ಗುರುತಿಸಲಿಕ್ಕೆ ಬಂದ ಮಗು ಅದನ್ನು ಹಾಗೇ ನಂಬುವುದಿಲ್ಲ. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ. ಕುಮಟಾ ತಂಗಿಯ ಮಗಳು ಮುಂದೆ ಡಾಕ್ಟರಾಗಲಿ, ಅಂಗಡಿ ಇಡಲಿ, ದಿನಾ ನೋಡುವುದು ಪರದೆಯನ್ನೇ. ಕನ್ನಡ ಓದಲಿಕ್ಕೆ ಹತ್ತು ವರ್ಷ ಕಲಿಸುತ್ತೇವೆ. ಪರದೆ ಓದಲಿಕ್ಕೆ ಒಂದು ವರ್ಷ ಕೊಡಬಾರದಾ?

ಕುಮಟಾದ ಆಯಿ

ಮಾಸ್ತರ್ರೇ, ನೀವು ಹೇಳಿದ ಪ್ರಯೋಗ ಮಾಡಿದೆವು. ಅತ್ತೆಯವರು ಜಗಲಿಯಲ್ಲಿ ಕೂತಿದ್ದರು. ಮಗಳು ಅವರ ಮುಖದ ವಿಡಿಯೋ ಸ್ವಲ್ಪ ಹೊತ್ತು ತೆಗೆದಳು. ಆಮೇಲೆ ಮೂರು ಜೋಡಿ ಮಾಡಿದಳು. ಒಂದರಲ್ಲಿ ಅಂಗಳದಲ್ಲಿ ಒಣಗಲಿಕ್ಕೆ ಹಾಕಿದ ಅಡಿಕೆ, ಮೇಲೆ ಕಪ್ಪು ಮೋಡ. ಇನ್ನೊಂದರಲ್ಲಿ ಮದುವೆ ಕರೆಯೋಲೆ. ಮೂರನೇದರಲ್ಲಿ ತೀರಿಹೋದ ನಮ್ಮ ಮಾವನವರ ಫೋಟೋ.

ಇವರಿಗೆ ಏನೂ ಹೇಳದೆ ತೋರಿಸಿದೆವು. ಮೊದಲನೇದಕ್ಕೆ "ಆಯಿಗೆ ಅಡಿಕೆ ಒದ್ದೆಯಾಗುತ್ತದೆ ಅಂತ ಚಿಂತೆ" ಅಂದ್ರು. ಎರಡನೇದಕ್ಕೆ "ಯಾರ ಮದುವೆ ಅಂತ ಲೆಕ್ಕ ಹಾಕ್ತಿದ್ದಾಳೆ". ಮೂರನೇದಕ್ಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಇದನ್ನ ಯಾವಾಗ ತೆಗೆದ್ರಿ?" ಅಂತ ಕೇಳಿದ್ರು. ಮುಖ ಮೂರರಲ್ಲೂ ಒಂದೇ ಅಂದಾಗ ಇವರು ನಂಬಲಿಲ್ಲ. ಮತ್ತೆ ಮತ್ತೆ ಹಾಕಿಸಿ ನೋಡಿದ್ರು. ಅತ್ತೆಯವರೂ ಕನ್ನಡಕ ತಂದು ನೋಡಿದ್ರು, "ನಾನು ಅಡಿಕೆ ನೋಡ್ತಾ ಇರ್ಲೇ ಇಲ್ಲ, ಬೆಕ್ಕು ನೋಡ್ತಾ ಇದ್ದೆ" ಅಂದ್ರು.

ಇವರು ಈಗ ಕೋಡಿಂಗ್ ಮಾತು ಎತ್ತುತ್ತಿಲ್ಲ. ನನಗೆ ಇನ್ನೂ ಒಂದು ಅನುಮಾನ ಉಳಿದಿದೆ. ಶಾಲೆಯಲ್ಲಿ ಯಾವ ಸಿನಿಮಾ ತೋರಿಸುತ್ತಾರೆ, ಅದು ಮಕ್ಕಳು ನೋಡುವಂಥದ್ದಾ ಅಂತ ಗೊತ್ತಾಗೋದು ಹೇಗೆ? ಮತ್ತೆ ಹೀಗೆ ಶಾಲೆಯಲ್ಲಿ ತೋರಿಸಲಿಕ್ಕೆ ಕಾನೂನಿನಲ್ಲಿ ಬರುತ್ತದಾ?

ಕಾರವಾರ ಕೋರ್ಟು ರಸ್ತೆ

ನಾನು ವಕೀಲ. ಎರಡೂ ಪ್ರಶ್ನೆಗೆ ಚಿಕ್ಕದಾಗಿ ಹೇಳುತ್ತೇನೆ.

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಾಲೆಗಳಿಗೆ ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು, ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಜನ ಆಗಿರಬೇಕು. ಊರಿಗೆಲ್ಲ ಡಂಗುರ ಹೊಡೆದು ಮೈದಾನದಲ್ಲಿ ಪರದೆ ಕಟ್ಟಿದರೆ ಈ ವಿನಾಯಿತಿ ಸಿಗುವುದಿಲ್ಲ. ಒಬ್ಬರ ಸ್ವಂತ ಒಟಿಟಿ ಖಾತೆಯಿಂದ ತೋರಿಸುವುದಾದರೆ ಆ ಕಂಪನಿಯ ಷರತ್ತು ಬೇರೆ ಇರುತ್ತದೆ, ಅದನ್ನು ಓದಿಕೊಳ್ಳಬೇಕು.

ವಯಸ್ಸಿನ ವಿಷಯ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಯು/ಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡುವ) ಪ್ರಮಾಣಪತ್ರ ವಯಸ್ಸಿನ ಪ್ರಕಾರ ಮೂರು ಭಾಗ ಆಗಿದೆ: 7+, 13+, 16+. ಹೊಸ ಸಿನಿಮಾ ಆದರೆ ಪ್ರಮಾಣಪತ್ರದಲ್ಲೇ ಅದು ಕಾಣುತ್ತದೆ. ಒಂಬತ್ತನೇ ತರಗತಿಗೆ ಎಲ್ಲರೂ ನೋಡಬಹುದಾದ ಯು, ಮತ್ತೆ 7+, 13+ ಸಾಕು. ವರ್ಷದ ಪಟ್ಟಿಯನ್ನು ಮೊದಲೇ ಪಾಲಕರಿಗೆ ಕೊಡಿ ಅಂತ ಬರವಣಿಗೆಯಲ್ಲೇ ಕೇಳಿ. ಕೊಡಲಿಕ್ಕೆ ಹಿಂದೆಮುಂದೆ ನೋಡುವ ಶಾಲೆ ಆದರೆ ನಾನಂತೂ ಮಗುವನ್ನು ಕಳಿಸುವುದಿಲ್ಲ.

ಮಾಜಾಳಿ ಅಕ್ಕೋರು

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಐಚ್ಛಿಕ ವಿಷಯ ಅಂತೆಲ್ಲ ಇಲ್ಲ. ಪ್ರೊಜೆಕ್ಟರ್ ಇದೆ, ನನ್ನದೊಂದು ಫೋನ್ ಇದೆ. ಮೀನುಗಾರಿಕೆ ಪಾಠಕ್ಕೆ ಪ್ರಾಜೆಕ್ಟ್ ಅಂತ ಮಕ್ಕಳ ಹತ್ತಿರ ರಂಪಣಿ ಎಳೆಯುವುದರ ಮೂರು ನಿಮಿಷದ ಚಿತ್ರ ಮಾಡಿಸಿದೆ. ಅದನ್ನು ಹೇಳುತ್ತೇನೆ, ಅಂಕೋಲಾ ಅಕ್ಕನ "ಏನು ಮಾಡಿಕೊಂಡು ಬರುತ್ತದೆ" ಅನ್ನುವ ಪ್ರಶ್ನೆಗೆ ಇದು ಉತ್ತರ ಆಗಬಹುದು.

ಘಟ್ಟದ ಮೇಲಿನವರಿಗೆ ಹೇಳುವುದಾದ್ರೆ, ರಂಪಣಿ ಅಂದ್ರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಬಲೆ ತಗೊಂಡು ಹೋಗಿ ಸಮುದ್ರದಲ್ಲಿ ಅರ್ಧ ವೃತ್ತ ಬಿಟ್ಟು ಮತ್ತೆ ದಡಕ್ಕೆ ಬರುತ್ತಾರೆ. ಎರಡೂ ತುದಿಯ ಹಗ್ಗವನ್ನು ಎರಡು ಸಾಲು ಜನ ಎಳೆಯುತ್ತಾರೆ.

ಮೊದಲ ಸಲ ಮಕ್ಕಳು ತೆಗೆದುಕೊಂಡು ಬಂದದ್ದು ಎಲ್ಲಾ ದೂರದಿಂದ, ಎಲ್ಲಾ ನಿಂತ ಎತ್ತರದಿಂದ. ಸಮುದ್ರ, ಜನ, ಮತ್ತೆ ಸಮುದ್ರ. ಕ್ಲಾಸಿನಲ್ಲಿ ಹಾಕಿದಾಗ ಅವರಿಗೇ ಬೇಜಾರಾಯಿತು. ನಾನು ಎರಡು ಪ್ರಶ್ನೆ ಕೇಳಿದೆ. ಎಳೆಯುವವರಿಗೆ ನೋವು ಎಲ್ಲಿ ಆಗುತ್ತದೆ? ಮೀನು ಬಂದ ಮೇಲೆ ಯಾರಿಗೆ ಎಷ್ಟು? ಒಬ್ಬ ಹುಡುಗನ ಅಪ್ಪ ಅದೇ ರಂಪಣಿಯಲ್ಲಿ ಎಳೆಯುತ್ತಾರೆ. ಕ್ಲಾಸಿನಲ್ಲಿ ಹಿಂದಿನ ಬೆಂಚು, ಮಾತು ಕಡಿಮೆ. ಎರಡನೇ ಸಲ ಹೋದಾಗ ಅವನೇ ಎಲ್ಲರಿಗೂ ಎಲ್ಲಿ ನಿಲ್ಲಬೇಕು ಅಂತ ಹೇಳಿದ. "ಈಗ ಬೇಡ, ಇನ್ನೂ ಹೊತ್ತಿದೆ. ಹಗ್ಗ ಮುಗಿದು ಬಲೆ ಕಂಡ ಮೇಲೆ ಓಡ್ಬೇಕು." ಈ ಸಲ ಅಂಗೈ ಬಂತು. ಹಿಮ್ಮಡಿ ಮರಳಿನಲ್ಲಿ ಹೂತುಹೋಗುವುದು ಬಂತು. ಬುಟ್ಟಿ ಹಿಡಿದು ಕಾಯುವ ಹೆಂಗಸರ ಮುಖ, ಮೀನಿನ ರಾಶಿಯನ್ನು ಪಾಲು ಮಾಡುವ ಕೈ, ಎಲ್ಲಾ ಬಂತು.

ಒಂದು ಹುಡುಗಿ ಪಾಲು ಮಾಡುವುದನ್ನು ನೋಡಿ, ಬಲೆಯ ಪಾಲು ಬೇರೆ ಯಾಕೆ ತೆಗೆಯುತ್ತಾರೆ ಅಂತ ಕೇಳಿದಳು. ಬಂಡವಾಳ, ಕೂಲಿ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಬರೆದರೂ ಬಾರದ ಪ್ರಶ್ನೆ ಅದು.

ತೊಂದರೆ ಒಂದೇ. ಧ್ವನಿ ಪೂರ್ತಿ ಗಾಳಿ. ಎಳೆಯುವವರ ಕೂಗು ಏನೂ ಕೇಳಿಸುವುದಿಲ್ಲ. ಹೊನ್ನಾವರದ ತಮ್ಮ, ಇದಕ್ಕೆ ಏನು ಮಾಡಬೇಕು?

ಹೊನ್ನಾವರ ಸೌಂಡ್

ಅಕ್ಕೋರೇ, ಓದಿ ತುಂಬಾ ಖುಷಿಯಾಯ್ತು. ಗಾಳಿಗೆ ಸುಲಭದ ದಾರಿ ಇದೆ. ಚಿತ್ರ ತೆಗೆಯುವ ಫೋನಿನಲ್ಲೇ ಧ್ವನಿ ಬೇಕು ಅಂತ ಹಟ ಮಾಡಬೇಡಿ. ಇನ್ನೊಂದು ಫೋನ್ ತಗೊಂಡು ಅದರ ರೆಕಾರ್ಡರ್ ಆನ್ ಮಾಡಿ, ಎಳೆಯುವವರ ಸಾಲಿನ ಹತ್ತಿರ ಒಬ್ಬ ಹುಡುಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಲಿ. ಫೋನ್ ಅವನ ಎದೆಯ ಹತ್ತಿರ ಇರಲಿ, ಮೈಯೇ ಗಾಳಿಗೆ ಅಡ್ಡ ಆಗುತ್ತದೆ. ಮೈಕಿನ ತೂತಿನ ಮೇಲೆ ಸ್ಪಂಜು ಅಥವಾ ಉಣ್ಣೆ ಬಟ್ಟೆ ಸಡಿಲವಾಗಿ ಇಟ್ಟರೆ ಇನ್ನೂ ಒಳ್ಳೇದು. ಶುರುವಿನಲ್ಲಿ ಎರಡೂ ಫೋನಿಗೆ ಕಾಣುವ ಹಾಗೆ, ಕೇಳುವ ಹಾಗೆ ಒಂದು ಚಪ್ಪಾಳೆ ಹೊಡೆಸಿ. ಎಡಿಟ್ ಮಾಡುವಾಗ ಕೈ ಕೂಡುವ ಚಿತ್ರಕ್ಕೆ ಆ ಟಪ್ ಶಬ್ದ ಹೊಂದಿಸಿದ್ರೆ ಉಳಿದದ್ದೆಲ್ಲ ತಾನಾಗಿ ಹೊಂದುತ್ತದೆ. ಸಿನಿಮಾದಲ್ಲಿ ಕ್ಲ್ಯಾಪ್ ಬೋರ್ಡು ಇರುವುದೂ ಇದೇ ಕೆಲಸಕ್ಕೆ. ಕೊನೆಗೆ ಯಾರೂ ಮಾತಾಡದೆ ಒಂದು ನಿಮಿಷ ಬರೀ ದಡದ ಶಬ್ದ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಕತ್ತರಿಸಿದ ಜಾಗಗಳ ಕೆಳಗೆ ಹಾಕಲಿಕ್ಕೆ ಬೇಕಾಗುತ್ತದೆ.

ಅಂಕೋಲಾ ಅಮ್ಮ

ಅಕ್ಕೋರೇ, ಆ ಹಿಂದಿನ ಬೆಂಚಿನ ಹುಡುಗನ ವಿಷಯ ಓದಿ ಸುಮಾರು ಹೊತ್ತು ಯೋಚನೆ ಮಾಡಿದೆ. ಹೀಗೆ ಮಾಡಿಸೋದಾದ್ರೆ ನಾನೂ ಬೇಡ ಅನ್ನೋದಿಲ್ಲ. ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ. ಮಕ್ಕಳು ತೆಗೆದ ವಿಡಿಯೋ ಶಾಲೆಯ ಹೊರಗೆ ಹೋಗಬಾರದು. ಅದರಲ್ಲಿ ಬೇರೆ ಮಕ್ಕಳ ಮುಖ ಇರುತ್ತದೆ, ನಮ್ಮ ಹೆಣ್ಣುಮಕ್ಕಳ ಮುಖ ಇರುತ್ತದೆ. ಶಾಲೆಯವರು 'ನಮ್ಮ ಸಾಧನೆ' ಅಂತ ತಮ್ಮ ಪೇಜಿನಲ್ಲಿ ಹಾಕಿಬಿಡ್ತಾರೆ. ಅದಕ್ಕೆ ಮೊದಲೇ ಒಪ್ಪಿಗೆ ಕೇಳ್ಬೇಕು.

ಮಾಜಾಳಿ ಅಕ್ಕೋರು

ಖಂಡಿತ. ನಮ್ಮ ಚಿತ್ರ ನಾವು ಎಲ್ಲೂ ಹಾಕಿಲ್ಲ. ರಂಪಣಿಯವರ ಹತ್ತಿರವೂ ಮೊದಲೇ ಕೇಳಿದ್ದೆವು. ಒಬ್ಬರು ಬೇಡ ಅಂದ್ರು, ಅವರನ್ನು ಬಿಟ್ಟು ತೆಗೆದೆವು. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಅನ್ನುವುದೂ ಮಕ್ಕಳಿಗೆ ಪಾಠವೇ.

ಕುಮಟಾದ ಆಯಿ

ಇವತ್ತು ಸಭೆ ಮುಗಿಸಿಕೊಂಡು ಬಂದೆ. ನೀವೆಲ್ಲ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕಲಿಸುವವರು ಶಾಲೆಯ ಇಂಗ್ಲಿಷ್ ಟೀಚರ್. ಪೂರ್ತಿ ಸಿನಿಮಾ ವರ್ಷಕ್ಕೆ ಕೆಲವೇ ಕೆಲವು, ಉಳಿದದ್ದು ತುಣುಕು ಅಂದ್ರು. ಪಟ್ಟಿ ಕೊಡ್ತೀವಿ ಅಂತ ಒಪ್ಪಿದ್ರು. ಅದರಲ್ಲಿ ಕನ್ನಡ ಸಿನಿಮಾ ಒಂದೂ ಇರಲಿಲ್ಲ. ನಾನು ಎದ್ದು ಕೇಳಿದೆ. ಗಿರೀಶ್ ಕಾಸರವಳ್ಳಿಯವರು ಪುಣೆಯಲ್ಲಿ ಓದಿ ಬಂದು ಮಾಡಿದ ಮೊದಲ ಚಿತ್ರಕ್ಕೇ, 1977ರದ್ದು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದಿದೆ, ನಮ್ಮ ಮಲೆನಾಡಿನ ಕಡೆಯವರು, ಅವರ ಒಂದು ಚಿತ್ರದ ತುಣುಕಾದ್ರೂ ಬೇಡವಾ ಅಂತ. ಟೀಚರ್ ಬರೆದುಕೊಂಡ್ರು. ಮಕ್ಕಳ ಗುಂಪಿನ ಕೆಲಸಕ್ಕೆ ಗುಂಪಿಗೊಂದೇ ಫೋನ್, ಅದೂ ಶಾಲೆಯದ್ದು, ಮನೆಯ ಫೋನ್ ಬೇಡ ಅಂತ ಅವರೇ ಹೇಳಿದ್ರು. ಮೊಬೈಲ್ ಚಿಂತೆ ಅಲ್ಲಿಗೆ ಅರ್ಧ ಹೋಯ್ತು. ವಿಡಿಯೋ ಹೊರಗೆ ಹಾಕಬಾರದು ಅಂತ ನಾವು ಸುಮಾರು ಪಾಲಕರು ಸೇರಿ ಬರೆದುಕೊಟ್ಟಿದ್ದೇವೆ.

ಫಾರಂನಲ್ಲಿ ಸಿನಿಮಾ ಅಂತ ಬರೆದು ಸಹಿ ಮಾಡಿದೆ. ಇವರೂ ಪಕ್ಕದಲ್ಲೇ ಇದ್ರು.

ಮಾಸ್ತರ್ರೇ, ನಿಮ್ಮ ಮೂರು ಸಲ ನೋಡುವ ಪಾಠದ ಪಟ್ಟಿ ಹೇಗಿರುತ್ತದೆ ಅಂತ ಟೀಚರ್ ಕೇಳಿದ್ರು. ಒಂದು ನಮೂನೆ ಇಲ್ಲಿ ಹಾಕ್ತೀರಾ?

ಘಟ್ಟದ ಮಾಸ್ತರು

ಹಾಕುತ್ತೇನೆ ತಂಗಿ. ಹಳೇ ನೋಟ್‌ಬುಕ್ಕಿನಲ್ಲಿ ಇದೆ, ಟೈಪ್ ಮಾಡಲಿಕ್ಕೆ ಭಾನುವಾರದವರೆಗೆ ಸಮಯ ಕೊಡಿ. ಮಾಜಾಳಿ ಅಕ್ಕೋರೂ ತಮ್ಮ ಎರಡು ಪ್ರಶ್ನೆಗಳ ಜೊತೆ ಇನ್ನೇನೇನು ಕೇಳಿದ್ರು ಅಂತ ಬರೆದರೆ ಎರಡನ್ನೂ ಸೇರಿಸಿ ಒಂದೇ ಹಾಳೆ ಮಾಡುತ್ತೇನೆ. ಸರ್ಕಾರಿ ಶಾಲೆಯವರಿಗೂ ಬೇಕಾಗುತ್ತದೆ.

ಮಾಜಾಳಿ ಅಕ್ಕೋರು

ನಾಳೆ ಸಂಜೆ ಕಳಿಸ್ತೇನೆ ಮಾಸ್ತರ್ರೇ.